ಒಂದು ಟ್ಯೂಬು ಕೊಡಿ, ಸ್ವಲ್ಪ ಸ್ಟ್ರಾಂಗ್ ಇರಲಿ

ಹೋದ ಶನಿವಾರ ಡೊಂಬಿವಲಿ ಸ್ಟೇಷನ್ನಿನ ಹತ್ತಿರದ ಮೆಡಿಕಲ್ ಅಂಗಡಿಯಲ್ಲಿ ಬಿಪಿ ಮಾತ್ರೆಗೆ ಕಾಯುತ್ತಾ ನಿಂತಿದ್ದೆ. ನನ್ನ ಮುಂದೆ ಇಪ್ಪತ್ತರ ಆಸುಪಾಸಿನ ಹುಡುಗ. ಆಚೀಚೆ ನೋಡಿ, ತೊಡೆಸಂದಿಯ ಕಡೆ ಕೈ ತೋರಿಸಿ, ಮೆಲ್ಲಗೆ ಹಿಂದಿಯಲ್ಲಿ ತುರಿಕೆ ಅಂದ. "ಸ್ವಲ್ಪ ಸ್ಟ್ರಾಂಗ್ ಇರೋದು ಕೊಡಿ" ಅಂತಲೂ ಸೇರಿಸಿದ. ಅಂಗಡಿಯವ ಒಂದೇ ಒಂದು ಪ್ರಶ್ನೆ ಕೇಳಲಿಲ್ಲ. ಹಿಂದೆ ತಿರುಗಿ ಟ್ಯೂಬು ತೆಗೆದು ಗಾಜಿನ ಮೇಲೆ ಜಾರಿಸಿದ. ದಿನಕ್ಕೆ ಎರಡು ಸಲ ಅಂದ. ಎಷ್ಟು ದಿನ ಅಂತ ಅವನೂ ಹೇಳಲಿಲ್ಲ, ಇವನೂ ಕೇಳಲಿಲ್ಲ. ವ್ಯವಹಾರ ಮುಗಿಯಿತು.

ಅಷ್ಟರಲ್ಲಿ ಹುಡುಗನ ಫೋನು ಬಂತು. ನೋಡಿದರೆ ಮಾತು ಕುಂದಾಪುರದ ಕನ್ನಡ! ಈ ಊರಿಗೆ ಬಂದು ಮೂವತ್ತು ವರ್ಷ ಮೀರಿದರೂ ಹೊರಗೆ ಕನ್ನಡ ಕಿವಿಗೆ ಬಿದ್ದರೆ ಸುಮ್ಮನಿರೋಕಾಗಲ್ಲ ನೋಡಿ. ಮಾತಾಡಿಸಿದೆ. ಬೈಂದೂರಿನ ಕಡೆಯವನು, ಇಲ್ಲೇ ಹೋಟೆಲಿನಲ್ಲಿ ಕೆಲಸ. ಟ್ಯೂಬು ಕೇಳಿ ಇಸಿದುಕೊಂಡು ಕನ್ನಡಕ ಏರಿಸಿ ಓದಿದೆ. ಕ್ಲೋಬೆಟಾಸಾಲ್, ಅದರ ಜೊತೆ ಒಂದು ಆಂಟಿಬಯೋಟಿಕ್, ಒಂದು ಬೂಷ್ಟಿನ ಔಷಧಿ, ಇನ್ನೊಂದು ಏನೋ. ಒಂದೇ ಟ್ಯೂಬಿನಲ್ಲಿ ನಾಲ್ಕು. "ಇದು ಎಷ್ಟನೇದಪ್ಪಾ?" ಅಂದೆ. "ಐದೋ ಆರೋ ಆಯ್ತ್ ಸಾರ್. ಹಚ್ರೆ ಎರಡೇ ದಿನದಗೆ ಕಮ್ಮಿ ಆತ್ತ್, ಬಿಟ್ರೆ ಮತ್ತೆ ಬತ್ತ್" ಅಂದ.

ಆ ಒಂದು ವಾಕ್ಯದ ಮೇಲೆ ಈ ದೇಶದಲ್ಲಿ ಎಷ್ಟು ದೊಡ್ಡ ವ್ಯಾಪಾರ ನಿಂತಿದೆ ಅಂತ ಯೋಚಿಸಿ.

ನೀವು ಕೇಳಬಹುದು, ಬ್ಯಾಂಕಿನವನಿಗೆ ಯಾಕೆ ಇಲ್ಲದ ಉಸಾಬರಿ ಅಂತ. ನಾನು ಬಿ.ಕಾಂ., ಡಾಕ್ಟರಲ್ಲ. ಆದರೆ 2016ರಲ್ಲಿ ನಾನೇ ಒಂದು ಸಲ ಡಾಕ್ಟರಾಗಿದ್ದೆ. ಅದರ ಲೆಕ್ಕ ಇನ್ನೂ ಚುಕ್ತಾ ಆಗಿಲ್ಲ, ಅದಕ್ಕೇ ಬರೀತಾ ಇದ್ದೇನೆ.

ನನ್ನ ಬಲಗಾಲಿನ ಹಿಮ್ಮಡಿಯ ಮೇಲೆ, ಗಂಟಿನ ಹತ್ತಿರ, ಹಳೇ ಇಸುಬು. ಕೆರೆದೂ ಕೆರೆದೂ ಚರ್ಮ ಆನೆಯ ಚರ್ಮದ ಹಾಗೆ ದಪ್ಪಗಾಗಿತ್ತು. ಚರ್ಮದ ಡಾಕ್ಟರು ನೋಡಿ ಕ್ಲೋಬೆಟಾಸಾಲ್ ಮುಲಾಮು ಬರೆದುಕೊಟ್ಟರು. ಎರಡು ವಾರ, ಆ ಜಾಗಕ್ಕೆ ಮಾತ್ರ, ಆಮೇಲೆ ಬಂದು ತೋರಿಸಿ ಅಂದಿದ್ದರು. ಮಂತ್ರ ಹಾಕಿದ ಹಾಗೆ ತುರಿಕೆ ನಿಂತಿತು. ಅದೇ ಹೊತ್ತಿಗೆ ಧಾರವಾಡದಿಂದ ತಂಗಿ, ಅವಳ ಮಗಳು ರಜೆಗೆ ಬಂದಿದ್ದರು. ಹುಡುಗಿಗೆ ಇಲ್ಲಿನ ಸೊಳ್ಳೆ ಕಚ್ಚಿ ಕೈತುಂಬ ಗಂಧೆ. "ತಗೋ, ಇದನ್ನ ಹಚ್ಚು, ನಂದು ಎರಡೇ ದಿನಕ್ಕೆ ಹೋಯ್ತು" ಅಂತ ಟ್ಯೂಬು ಕೊಟ್ಟೆ. ಹೋಗುವಾಗ ಅದನ್ನೇ ಬ್ಯಾಗಿಗೂ ಹಾಕಿದೆ. ದೊಡ್ಡ ಉಪಕಾರ ಮಾಡಿದ ಹಾಗೆ.

ಮುಂದಿನ ಕಥೆ ನನಗೆ ಗೊತ್ತಾದದ್ದು 2017ರ ಕೊನೆಗೆ. ಊರಿಗೆ ಹೋದ ಮೇಲೆ ಅವಳು ಅದನ್ನು ಮೊಡವೆಗೆ ಹಚ್ಚಿದಳು. ಕೆಂಪು ಇಳಿಯಿತು. ಮುಖ ತೆಳ್ಳಗೆ ಬಿಳುಪಾಗಿ ಕಂಡಿತು. ಗೆಳತಿಯರು ಹೊಗಳಿದರು. ತಂಗಿಗೋ, ಮಗಳಿಗೆ ಗಂಡು ನೋಡುವ ಕಾಲ, ಸಂತೋಷವೇ ಸಂತೋಷ. ಟ್ಯೂಬು ಮುಗಿದಾಗಲೆಲ್ಲ ಖಾಲಿ ಟ್ಯೂಬು ತೋರಿಸಿ ಹೊಸದು ತಂದರು, ಯಾವ ಅಂಗಡಿಯೂ ಇಲ್ಲ ಅನ್ನಲಿಲ್ಲ. ಹದಿನಾಲ್ಕು ತಿಂಗಳು! ಆಮೇಲೆ ಒಂದು ದಿನ ಬಿಟ್ಟರೂ ಉರಿ. ಬಿಸಿಲಿಗೆ ಹೋದರೆ ಮುಖ ಕಾದ ಹೆಂಚು. ಬಾಯಿ ಸುತ್ತ ಸಣ್ಣ ಸಣ್ಣ ಕೆಂಪು ಗುಳ್ಳೆ, ಕೆನ್ನೆಯಲ್ಲಿ ನೂಲಿನಂಥ ರಕ್ತನಾಳ, ತುಟಿಯ ಮೇಲೆ ಕೂದಲು. "ಮಾಮಾ, ನೀವ ಕೊಟ್ಟ ಟ್ಯೂಬ ಅಲ್ಲೇನ್ರೀ ಅದು?" ಅಂತ ಫೋನಿನಲ್ಲಿ ಕೇಳಿದಳು. ಬೈದಿದ್ದರೆ ವಾಸಿ ಇತ್ತು. ಅವಳು ಬೈಯಲಿಲ್ಲ, ಬರೀ ಕೇಳಿದಳು.

ಈ ಕಾಯಿಲೆಗೆ ನಮ್ಮ ದೇಶದ ಚರ್ಮವೈದ್ಯರು ಹೆಸರೇ ಇಟ್ಟಿದ್ದಾರೆ, ಸ್ಟಿರಾಯ್ಡಿಗೆ ಒಗ್ಗಿಹೋದ ಮುಖ ಅಂತ. ದೇಶದ ಹನ್ನೆರಡು ಕೇಂದ್ರಗಳಲ್ಲಿ ಅವರು ಮಾಡಿದ ಅಧ್ಯಯನ 2011ರಲ್ಲಿ ಪ್ರಕಟವಾಯಿತು. ಮುಖದ ತೊಂದರೆಗೆ ಬಂದ 2926 ಜನರಲ್ಲಿ 433 ಜನ ಮುಖಕ್ಕೆ ಸ್ಟಿರಾಯ್ಡ್ ಹಚ್ಚುತ್ತಿದ್ದರು. ಅವರಲ್ಲಿ 126 ಜನ ಹಚ್ಚುತ್ತಿದ್ದುದು ಬೆಳ್ಳಗಾಗಲು, ಇಲ್ಲಾ ಸುಮ್ಮನೆ ಕ್ರೀಮು ಅಂತ, ಇಲ್ಲಾ ಶೇವಿಂಗ್ ಆದಮೇಲೆ. ನೂರರಲ್ಲಿ 59 ಮಂದಿಗೆ ಅದನ್ನು ಹೇಳಿದವರು ಡಾಕ್ಟರೇ ಅಲ್ಲ. ಅಂಗಡಿಯವರು, ಅಕ್ಕಪಕ್ಕದವರು, ನೆಂಟರು. ಅಂದರೆ ನಾನು!

ಉಳಿದವರಿಗೆ ಡಾಕ್ಟರೇ ಹೇಳಿದ್ದು ಅಂತಲೂ ಇದರ ಅರ್ಥ, ಮರೀಬೇಡಿ. ಅದಕ್ಕೆ ಆಮೇಲೆ ಬರ್ತೇನೆ.

ಮೊದಲು ಆ ಟ್ಯೂಬಿನ ಮೇಲಿನ ಅಂಕಿಯ ವಿಷಯ. ಬ್ಯಾಂಕಿನವನಾಗಿ ನನಗೆ ನಾಚಿಕೆಯಾದದ್ದು ಇದರಲ್ಲೇ. ಹೈಡ್ರೊಕಾರ್ಟಿಸೋನ್ ಟ್ಯೂಬಿನ ಮೇಲೆ 1 ಪರ್ಸೆಂಟ್ ಅಂತ ಇರುತ್ತದೆ. ಕ್ಲೋಬೆಟಾಸಾಲ್ ಮೇಲೆ 0.05 ಪರ್ಸೆಂಟ್. ಜೀವನವಿಡೀ ಬಡ್ಡಿ ಲೆಕ್ಕ ಹಾಕಿದ ನನಗೆ ಯಾವುದು ಚಿಕ್ಕದು ಅನಿಸಬೇಕು? ಇದೇನು ಮಹಾ, ಪೈಸೆ ಲೆಕ್ಕ ಅಂದುಕೊಂಡೇ ಹುಡುಗಿಗೆ ಕೊಟ್ಟಿದ್ದು. ನಿಜ ಏನೆಂದರೆ ಮೊದಲನೆಯದು ಈ ಗುಂಪಿನಲ್ಲೇ ಅತಿ ಸೌಮ್ಯ, ಎರಡನೆಯದು ಅತಿ ತೀಕ್ಷ್ಣ. ಚರ್ಮದ ರಕ್ತನಾಳ ಎಷ್ಟು ಬಿಗಿದು ಬಿಳುಚುತ್ತದೆ ಅಂತ ನೋಡುವ ಪರೀಕ್ಷೆಯಲ್ಲಿ ಅವೆರಡರ ನಡುವಿನ ಅಂತರ ನೂರಾರು ಪಟ್ಟು. ಪರ್ಸೆಂಟು ಹೇಳುವುದು ಎಷ್ಟು ಹಾಕಿದ್ದಾರೆ ಅಂತ, ಎಷ್ಟು ಬಲ ಅಂತ ಅಲ್ಲ. ಇಂಗ್ಲೆಂಡಿನಲ್ಲಿ ಈ ಮುಲಾಮುಗಳನ್ನು ಸೌಮ್ಯ, ಮಧ್ಯಮ, ಬಲ, ಅತಿ ಬಲ ಅಂತ ನಾಲ್ಕು ದರ್ಜೆ ಮಾಡಿದ್ದಾರೆ, ಅಮೆರಿಕದಲ್ಲಿ ಏಳು. ನಾವು ಇಲ್ಲಿ ಬೆಟಾಮೆಥಾಸೋನ್, ಮೊಮೆಟಾಸೋನ್, ಕ್ಲೋಬೆಟಾಸಾಲ್ ಎಲ್ಲಕ್ಕೂ ಒಂದೇ ಹೆಸರು ಇಟ್ಟಿದ್ದೇವೆ, ಸ್ಕಿನ್ ಕ್ರೀಮು. ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರ ಅಂತಾರಲ್ಲ, ಹಾಗೆ. ಮೊಡವೆಯ ಮೇಲೆ ಕ್ಲೋಬೆಟಾಸಾಲ್.

ಇನ್ನೊಂದು, ಮೈಯೆಲ್ಲ ಒಂದೇ ಚರ್ಮ ಅಲ್ಲ. 1967ರಲ್ಲೇ ಅಮೆರಿಕದ ಫೆಲ್ಡ್‌ಮನ್ ಮತ್ತು ಮೈಬಾಕ್ ಅನ್ನುವವರು ಹೈಡ್ರೊಕಾರ್ಟಿಸೋನ್ ಹಚ್ಚಿ ಎಲ್ಲೆಲ್ಲಿ ಎಷ್ಟು ಒಳಗೆ ಹೋಗುತ್ತದೆ ಅಂತ ಅಳೆದಿದ್ದಾರೆ. ಮುಂಗೈ ಒಂದು ಅಂತ ಇಟ್ಟುಕೊಂಡರೆ ಅಂಗಾಲು ಅದರ ಏಳನೇ ಒಂದು ಭಾಗ. ಹಣೆ ಆರು. ದವಡೆ ಹದಿಮೂರು. ಗಂಡಸರ ವೃಷಣದ ಚರ್ಮ ನಲವತ್ತೆರಡು! ಈಗ ಆ ಬೈಂದೂರಿನ ಹುಡುಗ ಎಲ್ಲಿ ಹಚ್ಚುತ್ತಿದ್ದ ಅಂತ ನೆನಪು ಮಾಡಿಕೊಳ್ಳಿ. ನನ್ನ ಹಿಮ್ಮಡಿಯ ಆನೆ ಚರ್ಮಕ್ಕೆ ತೂಕ ಮಾಡಿ ಬರೆದ ಔಷಧಿ ಅವನ ತೊಡೆಸಂದಿಯಲ್ಲಿ ಏನು ಮಾಡೀತು? ಚರ್ಮ ತೆಳ್ಳಗಾಗಿ, ಬಸುರಿಯ ಹೊಟ್ಟೆಯ ಮೇಲೆ ಮೂಡುವಂಥ ಗೆರೆಗಳು ಒಡೆಯುತ್ತವೆ. ಅವು ಬಣ್ಣ ಮಾಸಬಹುದು, ಹೋಗುವುದಿಲ್ಲ.

ಅದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಅವನಿಗೆ ಇದ್ದದ್ದು ಬಹುಶಃ ಹುಳುಕಡ್ಡಿ, ಗಜಕರ್ಣ ಅಂತೀವಲ್ಲ, ಅದು. ಮುಂಬಯಿಯ ಮಳೆಗಾಲ, ಒಲೆಯ ಮುಂದೆ ಹತ್ತು ತಾಸು, ಸರಿಯಾಗಿ ಒಣಗದ ಚಡ್ಡಿ, ಒಂದೇ ರೂಮಿನಲ್ಲಿ ಎಂಟು ಜನ, ಬೂಷ್ಟಿಗೆ ಇನ್ನೇನು ಬೇಕು? ಸ್ಟಿರಾಯ್ಡ್ ಬೂಷ್ಟನ್ನು ಕೊಲ್ಲುವುದಿಲ್ಲ. ಬೂಷ್ಟಿನ ವಿರುದ್ಧ ನಮ್ಮ ಮೈ ಮಾಡುವ ಗಲಾಟೆಯನ್ನು ಮಾತ್ರ ನಿಲ್ಲಿಸುತ್ತದೆ. ಕಳ್ಳ ಮನೆಯಲ್ಲೇ ಇದ್ದಾನೆ, ಬೊಗಳುವ ನಾಯಿಗೆ ಮತ್ತು ಬರಿಸಿದ ಹಾಗೆ. ತುರಿಕೆ ಎರಡು ದಿನಕ್ಕೆ ಕಮ್ಮಿ, ಕೆಂಪು ಮಾಯ, ಒಳಗೆ ಬೂಷ್ಟು ಆರಾಮಾಗಿ ಹಬ್ಬುತ್ತದೆ. ಉಂಗುರದ ಅಂಚು ಅಳಿಸಿಹೋಗಿ ಡಾಕ್ಟರಿಗೂ ಗುರುತು ಹತ್ತದ ರೂಪಕ್ಕೆ ಬರುತ್ತದೆ. ಟ್ಯೂಬಿನಲ್ಲಿ ಬೂಷ್ಟಿನ ಔಷಧಿಯೂ ಇದೆಯಲ್ಲಾ ಅಂತೀರಾ? ಅದು ಕೆಲಸ ಮುಗಿಸಲು ವಾರಗಟ್ಟಲೆ ಬೇಕು. ಎರಡೇ ದಿನಕ್ಕೆ ತುರಿಕೆ ಹೋದರೆ ಯಾರು ವಾರಗಟ್ಟಲೆ ಹಚ್ಚುತ್ತಾರೆ? ಹೀಗೆ ಅರ್ಧಕ್ಕೆ ಬಿಟ್ಟು ಬಿಟ್ಟು, ಸಾಮಾನ್ಯ ಔಷಧಿಗೆ ಜಗ್ಗದ ಗಜಕರ್ಣ ನಮ್ಮ ದೇಶದಲ್ಲಿ ಹಬ್ಬಿತು. 2020ರಲ್ಲಿ ಅದರ ಬೂಷ್ಟಿಗೆ ಇಟ್ಟ ಹೆಸರಿನಲ್ಲೇ ನಮ್ಮ ದೇಶ ಇದೆ, ಟ್ರೈಕೊಫೈಟಾನ್ ಇಂಡೊಟಿನಿಯೇ. ಇದು ಬೆಳೆದದ್ದಕ್ಕೆ ಇಂಥ ಟ್ಯೂಬುಗಳ ದುರ್ಬಳಕೆ ಒಂದು ದೊಡ್ಡ ಕಾರಣ ಅನ್ನುತ್ತಾರೆ ಚರ್ಮವೈದ್ಯರು. ಯೋಗ, ದೋಸೆ ರಫ್ತು ಮಾಡಿದೆವು, ಇದನ್ನೂ ಮಾಡಿದೆವು.

ಕಾನೂನು ಇಲ್ಲವಾ? ಇದೆ ಸ್ವಾಮಿ. ಮೊದಲು ಶೆಡ್ಯೂಲ್ ಎಚ್‌ನಲ್ಲೇ ಒಂದು ಟಿಪ್ಪಣಿ ಇತ್ತು, ಹೊರಗೆ ಹಚ್ಚುವ ಮುಲಾಮುಗಳಿಗೆ ವಿನಾಯಿತಿ ಅಂತ. ಆ ಸಂದಿಯಲ್ಲಿ ಎಲ್ಲವೂ ತೂರಿಹೋಗುತ್ತಿತ್ತು. ಚರ್ಮವೈದ್ಯರ ಸಂಘದವರು ವರ್ಷಗಟ್ಟಲೆ ಬೊಬ್ಬೆ ಹೊಡೆದ ಮೇಲೆ, 2018ರ ಮಾರ್ಚಿನಲ್ಲಿ ಕೇಂದ್ರ ಸರಕಾರ 14 ಸ್ಟಿರಾಯ್ಡ್ ಮುಲಾಮುಗಳಿಗೆ ಚೀಟಿ ಕಡ್ಡಾಯ ಮಾಡಿತು. ಅದೇ ವರ್ಷ ಸೆಪ್ಟೆಂಬರಿನಲ್ಲಿ 328 ಮಿಶ್ರ ಔಷಧಿಗಳನ್ನು ನಿಷೇಧಿಸಿದಾಗ ಕ್ಲೋಬೆಟಾಸಾಲ್ ಬೆರೆಸಿದ ಕೆಲವೂ ಅದರಲ್ಲಿ ಇದ್ದವು. ಸರಿ, ಆಯಿತಲ್ಲ? ನಾನು ಈ ಲೇಖನ ಬರೆಯುವ ಮುಂಚೆ ಮೂರು ಅಂಗಡಿಗೆ ಹೋಗಿ ಚೀಟಿ ಇಲ್ಲದೆ ಕ್ಲೋಬೆಟಾಸಾಲ್ ಕೇಳಿದೆ. ಮೂವರೂ ಕೊಟ್ಟರು. ಒಬ್ಬನಂತೂ "ಚಿಕ್ಕದಾ, ದೊಡ್ಡದಾ?" ಅಂದ. ಟ್ಯೂಬಿನ ಮೇಲೆ ಕೆಂಪು ಗೆರೆ ಇದೆ, ವೈದ್ಯರ ಚೀಟಿ ಇಲ್ಲದೆ ಮಾರಬಾರದು ಅಂತ ಇರುವೆಯಂಥ ಇಂಗ್ಲಿಷಿನಲ್ಲಿ ಬರೆದಿದೆ. ನಮ್ಮ ಬ್ಯಾಂಕಿನಲ್ಲಿ ಎಪ್ಪತ್ತು ವರ್ಷದ ಅಜ್ಜಿ ತನ್ನದೇ ದುಡ್ಡು ತೆಗೆಯಲು ಬಂದರೂ ಕೆವೈಸಿ ಕೊಡಿ, ಸಹಿ ಹೊಂದುತ್ತಿಲ್ಲ ಅಂತ ನಾವು ಸತಾಯಿಸುತ್ತೇವೆ. ನಿಯಮ ಅಂದರೆ ನಿಯಮ. ಚರ್ಮ ಮಾತ್ರ ಯಾರಪ್ಪನ ಆಸ್ತಿಯೂ ಅಲ್ಲ!

ಬಡವರಿಗೆ ಡಾಕ್ಟರ ಫೀಸು ಎಲ್ಲಿಂದ ಬರಬೇಕು, ಅಂಗಡಿಯವನೇ ಗತಿ ಅಂತ ನನ್ನ ಗೆಳೆಯರೊಬ್ಬರು ವಾದಿಸಿದರು. ಮಾತು ಸುಳ್ಳಲ್ಲ. ಹೋಟೆಲಿನ ಹುಡುಗ ಸರಕಾರಿ ಆಸ್ಪತ್ರೆಯ ಸಾಲಿನಲ್ಲಿ ಅರ್ಧ ದಿನ ನಿಂತರೆ ಅರ್ಧ ದಿನದ ಸಂಬಳ ಹೋಗುತ್ತದೆ. ಆದರೆ ಆರು ಟ್ಯೂಬಿನ ದುಡ್ಡು ಅವನು ಆಗಲೇ ಕೊಟ್ಟಿದ್ದಾನಲ್ಲ? ಒಬ್ಬ ಡಾಕ್ಟರನ್ನು ನೋಡುವ ಖರ್ಚು ಅದರಲ್ಲಿ ಎದ್ದಿರುತ್ತಿತ್ತು. ಹೋಟೆಲ್ ಮಾಲೀಕರು, ನಮ್ಮವರೇ ಬಹಳ ಜನ ಇದ್ದೀರಿ, ಓದುತ್ತಲೂ ಇದ್ದೀರಿ ಅಂತ ಗೊತ್ತು. ಹುಡುಗರಿಗೆ ಬಟ್ಟೆ ಒಣಗಿಸಲು ಒಂದು ಜಾಗ, ಬೇರೆ ಬೇರೆ ಟವೆಲು, ಒಂದು ದಿನ ರಜೆ ಕೊಟ್ಟು ಎಲ್ಲರನ್ನೂ ಒಟ್ಟಿಗೆ ಚರ್ಮದ ಡಾಕ್ಟರ ಹತ್ತಿರ ಕಳಿಸುವುದು, ಇಷ್ಟು ಮಾಡಿ. ಒಬ್ಬನಿಗೆ ಮಾತ್ರ ಔಷಧಿ ಮಾಡಿದರೆ ಪಕ್ಕದ ಹಾಸಿಗೆಯಿಂದ ವಾಪಸ್ ಬರುತ್ತದೆ.

ಡಾಕ್ಟರುಗಳ ವಿಷಯಕ್ಕೆ ಬರ್ತೇನೆ ಅಂದಿದ್ದೆ. ಚೀಟಿಯಲ್ಲಿ "ಹಚ್ಚಿ" ಅಂತ ಗೀಚಿ ಕೈಗೆ ಕೊಡುವ ಮಹಾಶಯರೇ, ಎಷ್ಟು ಹಚ್ಚಬೇಕು, ಎಲ್ಲಿ, ಎಷ್ಟು ದಿನ, ಯಾವಾಗ ನಿಲ್ಲಿಸಬೇಕು, ಇವನ್ನು ಬರೆಯಲು ಎಷ್ಟು ಶಾಯಿ ಬೇಕು? ಏನು ಕಾಯಿಲೆ ಅಂತ ಗೊತ್ತಾಗದಿದ್ದಾಗ ನಾಲ್ಕೂ ಔಷಧಿ ಇರುವ ಮಿಶ್ರ ಟ್ಯೂಬು ಬರೆಯುವುದು ಚಿಕಿತ್ಸೆಯಾ, ಲಾಟರಿಯಾ?

ಇಷ್ಟು ಓದಿ ಯಾರಾದರೂ ಮನೆಯ ಟ್ಯೂಬನ್ನೆಲ್ಲ ಕಸದ ಬುಟ್ಟಿಗೆ ಹಾಕಲು ಎದ್ದಿದ್ದರೆ ದಯವಿಟ್ಟು ಕೂತುಕೊಳ್ಳಿ. ನಾನೂ ಅದೇ ಮಾಡಿದೆ. ಹುಡುಗಿಯ ಫೋನು ಬಂದ ರಾತ್ರಿ ನನ್ನ ಮುಲಾಮನ್ನೂ ಎಸೆದೆ. ವಾಟ್ಸಾಪಿನಲ್ಲಿ ಬಂದ ಯಾವುದೋ "ನೂರಕ್ಕೆ ನೂರು ಗಿಡಮೂಲಿಕೆ" ಎಣ್ಣೆ ಹಚ್ಚಿದೆ. ಎರಡು ತಿಂಗಳಲ್ಲಿ ಹಿಮ್ಮಡಿ ಬಿರಿದು ರಕ್ತ, ಕೀವು, ಬೂಟು ಹಾಕಲಾಗದೆ ಬ್ಯಾಂಕಿಗೆ ಚಪ್ಪಲಿಯಲ್ಲಿ ಹೋದೆ. ಡಾಕ್ಟರು ಚೆನ್ನಾಗಿ ಬೈದರು. "ನೆಗಡಿ ಬಂತು ಅಂತ ಮೂಗು ಕೊಯ್ದುಕೊಂಡಿರಾ? ನಿಮಗೆ ಕೊಟ್ಟದ್ದು ಸರಿಯಾದ ಔಷಧಿ. ತಪ್ಪು ಆಗಿದ್ದು ಅದು ಬೇರೆಯವರ ಮುಖಕ್ಕೆ ಹೋದದ್ದು." ಹೀಗೆ ಹೆದರಿ ಬಿಟ್ಟವರೂ ಅವರ ಹತ್ತಿರ ಬಹಳ ಜನ ಬರುತ್ತಾರಂತೆ. ಮಕ್ಕಳ ಇಸುಬಿಗೆ ಕೊಟ್ಟ ಸೌಮ್ಯ ಮುಲಾಮನ್ನೂ ಹಚ್ಚದೆ, ಮಗು ರಾತ್ರಿಯಿಡೀ ಕೆರೆದು ಅಳುತ್ತಿದ್ದರೂ ಸ್ಟಿರಾಯ್ಡ್ ಬೇಡ ಅನ್ನುವ ತಂದೆತಾಯಿ. ಅದೂ ಕ್ರೌರ್ಯವೇ. 1952ರಲ್ಲಿ ಸುಲ್ಜ್‌ಬರ್ಗರ್ ಮತ್ತು ವಿಟೆನ್ ಇಬ್ಬರು ಹೈಡ್ರೊಕಾರ್ಟಿಸೋನ್ ಹಚ್ಚಿ ಫಲ ಕಂಡದ್ದನ್ನು ಪ್ರಕಟಿಸುವ ಮುಂಚೆ ಇಸುಬಿನವರ ಗತಿ ಡಾಂಬರಿನ ಮುಲಾಮು, ಬ್ಯಾಂಡೇಜು, ನಿದ್ದೆಯಿಲ್ಲದ ರಾತ್ರಿ. ಇನ್ನು ಗಿಡಮೂಲಿಕೆ ಅಂತ ಬರುವ ಹೆಸರಿಲ್ಲದ ಡಬ್ಬಿಗಳು ಎರಡು ದಿನದಲ್ಲಿ ಜಾದೂ ಮಾಡಿದರೆ ಸಂಶಯ ಪಡಿ. ಅಂಥವುಗಳಲ್ಲಿ ಕದ್ದು ಬೆರೆಸಿದ ಸ್ಟಿರಾಯ್ಡೇ ಸಿಕ್ಕಿದ ಉದಾಹರಣೆಗಳು ಬೇಕಾದಷ್ಟಿವೆ.

ಆ ದಿನ ಡಾಕ್ಟರು ಇಪ್ಪತ್ತು ನಿಮಿಷ ಕೂರಿಸಿ ಹೇಳಿದ್ದನ್ನು ನನ್ನ ಲೆಡ್ಜರ್ ಬುದ್ಧಿಗೆ ತಕ್ಕ ಹಾಗೆ ಇಟ್ಟುಕೊಂಡಿದ್ದೇನೆ. ತೋರುಬೆರಳಿನ ತುದಿಯಿಂದ ಮೊದಲ ಗೆರೆಯವರೆಗೆ ಹಿಂಡಿದರೆ ಸುಮಾರು ಅರ್ಧ ಗ್ರಾಂ. ಅದು ದೊಡ್ಡವರ ಎರಡು ಹಸ್ತದಷ್ಟು, ಬೆರಳೂ ಸೇರಿ, ಜಾಗಕ್ಕೆ ಸಾಕು. ಇದು ಬ್ರಿಟನ್ನಿನ ಲಾಂಗ್ ಮತ್ತು ಫಿನ್ಲೇ 1991ರಲ್ಲಿ ಹೇಳಿದ ಅಳತೆ. ನನ್ನ ಹಿಮ್ಮಡಿಯ ಕಲೆ ಅರ್ಧ ಹಸ್ತ, ಹಾಗಾಗಿ ಆ ಬೆರಳುದ್ದದಲ್ಲಿ ಕಾಲು ಭಾಗ. ಹಿಂದೆ ನಾನು ವಡೆಗೆ ಚಟ್ನಿ ಬಳಿದ ಹಾಗೆ ಬಳಿಯುತ್ತಿದ್ದೆ. ಹಚ್ಚುವುದು ಕೆಂಪು ಇರುವ ಕಡೆ ಮಾತ್ರ, ಚೆನ್ನಾಗಿರುವ ಚರ್ಮಕ್ಕೆ ಮುಂಜಾಗ್ರತೆ ಅಂತ ಅಲ್ಲ. ಮೇಲೆ ಪ್ಲಾಸ್ಟಿಕ್ ಸುತ್ತಬಾರದು, ಸುತ್ತಿದರೆ ಒಳಗೆ ಹೋಗುವುದು ಎಷ್ಟೋ ಪಟ್ಟು ಹೆಚ್ಚು. ಮಗುವಿನ ಡೈಪರೂ ಪ್ಲಾಸ್ಟಿಕ್ಕೇ ಅನ್ನೋದನ್ನು ಅಜ್ಜಿಯಂದಿರು ಗಮನಿಸಿ. ಆ ಜಾಗಕ್ಕೆ ಇದನ್ನು ಬಳಿದು ಮೈಯೆಲ್ಲ ಊದಿಕೊಂಡ ಕೂಸುಗಳ ಕಥೆ ವೈದ್ಯಕೀಯ ಪತ್ರಿಕೆಗಳಲ್ಲಿ ಸಾಕಷ್ಟಿವೆ. ಕ್ಲೋಬೆಟಾಸಾಲ್ ಆದರೆ ಒಂದೇ ಸಮನೆ ಎರಡು ವಾರಕ್ಕಿಂತ ಹೆಚ್ಚಿಲ್ಲ, ದೊಡ್ಡವರಿಗೂ ವಾರಕ್ಕೆ 50 ಗ್ರಾಂ ಮೀರುವಂತಿಲ್ಲ. ಮುಖ, ಕಂಕುಳು, ತೊಡೆಸಂದಿಗೆ ಸ್ವಂತ ಬುದ್ಧಿಯಿಂದ ಎಂದೂ ಇಲ್ಲ. ಕಣ್ಣಿನ ಸುತ್ತ ಹಚ್ಚಿ ಹಚ್ಚಿ ಕಣ್ಣಿನ ಒತ್ತಡ ಏರಿದವರಿದ್ದಾರೆ. ಹತೋಟಿಗೆ ಬಂದ ಮೇಲೆ ನನಗೆ ಹೇಳಿರುವುದು ವಾರಕ್ಕೆ ಎರಡೇ ದಿನ, ಶನಿವಾರ ಭಾನುವಾರ. ಉಳಿದ ದಿನ ಬರೀ ಪೆಟ್ರೋಲಿಯಂ ಜೆಲ್ಲಿ, ಸ್ನಾನ ಆದ ಕೂಡಲೇ.

ತಿಂಗಳುಗಟ್ಟಲೆ ಹಚ್ಚಿದವರು ಮಾತ್ರ ಇದನ್ನು ಓದಿ ಇವತ್ತೇ ದಿಢೀರ್ ಅಂತ ನಿಲ್ಲಿಸಬೇಡಿ. ಸೋರಿಯಾಸಿಸ್ ಇರುವವರಿಗಂತೂ ಹಾಗೆ ನಿಲ್ಲಿಸಿದರೆ ಮೈತುಂಬ ಕೀವುಗುಳ್ಳೆ ಏಳುವ ಅಪಾಯ ಇದೆ. ಟ್ಯೂಬು ಹಿಡಿದುಕೊಂಡು ಹೋಗಿ ಡಾಕ್ಟರಿಗೆ ನಿಜ ಹೇಳಿ. ಎಷ್ಟು ತಿಂಗಳು ಅಂತ ಸುಳ್ಳು ಹೇಳಬೇಡಿ, ನಮ್ಮ ತಂಗಿ ಹೇಳಿದ್ದಳು, "ಆಗೀಗ ಹಚ್ಚಿದಾಳ್ರಿ" ಅಂತ.

ಬ್ರಿಟನ್ನಿನ ಔಷಧ ಇಲಾಖೆ 2024ರಲ್ಲಿ ಒಂದು ತೀರ್ಮಾನ ಮಾಡಿತು. ಇಂಥ ಮುಲಾಮುಗಳ ಮೇಲೆ ಸೌಮ್ಯ, ಮಧ್ಯಮ, ಬಲ, ಅತಿ ಬಲ ಅಂತ ದರ್ಜೆಯನ್ನು ಬರೆಯಬೇಕು ಅಂತ. ನಮ್ಮಲ್ಲಿ ಯಾಕಾಗಬಾರದು? ಬೀಡಿ ಕಟ್ಟಿನ ಮೇಲೆ ಗಂಟಲ ಹುಣ್ಣಿನ ಚಿತ್ರ ಹಾಕಲು ಬರುತ್ತದೆ. ಟ್ಯೂಬಿನ ಮೇಲೆ ಕನ್ನಡದಲ್ಲೋ ಮರಾಠಿಯಲ್ಲೋ ಹಿಂದಿಯಲ್ಲೋ ದಪ್ಪಕ್ಷರದಲ್ಲಿ "ಅತಿ ಬಲದ ಸ್ಟಿರಾಯ್ಡ್, ಮುಖಕ್ಕೆ ಬೇಡ" ಅಂತ ಐದು ಶಬ್ದ ಬರೆಯಲು ಏನು ಧಾಡಿ? ಆ ಐದು ಶಬ್ದ ಇದ್ದಿದ್ದರೆ ನಾನು ಕೊಡುತ್ತಿರಲಿಲ್ಲ. ಅವಳೂ ಹಚ್ಚುತ್ತಿರಲಿಲ್ಲ. ಅಂಗಡಿಯವರು ಚೀಟಿ ಕೇಳಲಿ, ಕೊಟ್ಟ ಟ್ಯೂಬನ್ನು ಬಿಲ್ಲಿನಲ್ಲಿ ಬರೆಯಲಿ. ಬಿಲ್ಲೇ ಇಲ್ಲದ ಮಾರಾಟದ ಮೇಲೆ ಔಷಧ ಇನ್‌ಸ್ಪೆಕ್ಟರು ಒಂದು ದಿನ ಸುಮ್ಮನೆ ಗಿರಾಕಿಯಾಗಿ ಹೋಗಿ ನೋಡಲಿ. ನಮ್ಮ ಬ್ರಾಂಚಿಗೆ ಆಡಿಟ್ ಬರೋದು ಹಾಗೇ, ಹೇಳಿ ಬರಲ್ಲ.

ಬೈಂದೂರಿನ ಹುಡುಗನನ್ನು ನನ್ನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಚರ್ಮ ಸ್ವಲ್ಪ ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡಿ ಗಜಕರ್ಣವೇ ಅಂದರು. ಬರೀ ಬೂಷ್ಟಿನ ಔಷಧಿ, ಸ್ಟಿರಾಯ್ಡ್ ಇಲ್ಲದ್ದು, ಬಹಳ ವಾರ ಬೇಕು ಅಂದಿದ್ದಾರೆ. ಮೊದಲ ವಾರ ತುರಿಕೆ ಹೆಚ್ಚಾಗಿ ನನಗೆ ಎರಡು ಸಲ ಫೋನ್ ಮಾಡಿ ಹಳೇ ಟ್ಯೂಬೇ ಲಾಯಕ್ಕಿತ್ತು ಅಂದ. ಬೈದು ಇಟ್ಟಿದ್ದೇನೆ.

ಸೊಸೆಯ ಮುಖ ತಿಳಿಯಾಗಲು ಹತ್ತಿರ ಹತ್ತಿರ ಎರಡು ವರ್ಷ ಹಿಡಿಯಿತು. ಈಗ ಪುಣೆಯಲ್ಲಿ ಕೆಲಸ. ಬಿಸಿಲಿಗೆ ಇನ್ನೂ ಕೊಡೆ ಬೇಕು, ಕೆನ್ನೆಯ ಗೆರೆ ಪೂರ್ತಿ ಹೋಗಿಲ್ಲ. ಮೊನ್ನೆ ತಂಗಿಯ ಫೋನು. ಅದೂ ಇದೂ ಮಾತಾಡಿ ಕೊನೆಗೆ ಮೆಲ್ಲಗೆ, "ಅಣ್ಣಾ, ನನ್ನ ಮೊಣಕಾಲ ಹಿಂದ ಭಾಳ ತುರಸಾಕತ್ತದ. ನೀ ಹಚ್ಚತಿದ್ದೆಲ್ಲಾ, ಅದರ ಹೆಸರೇನು?" ಅಂದಳು. ಹೆಸರು ಹೇಳಲಿಲ್ಲ. ಧಾರವಾಡದ ಚರ್ಮದ ಡಾಕ್ಟರ ನಂಬರು ವಾಟ್ಸಾಪ್ ಮಾಡಿದೆ. ನೀಲಿ ಟಿಕ್ ಬಂದು ನಾಲ್ಕು ದಿನ ಆಯಿತು, ಉತ್ತರ ಇಲ್ಲ.